ಸಂಕ್ರಾಂತಿ ಕಾರ್ಡು: ಒಂದು ನಕ್ಷೆ, ಇಪ್ಪತ್ತು ಕಾರ್ಡು, 20 ಗ್ರಾಂ

ಹೋದ ವರ್ಷ ನಾನು ಕೈಯಾರೆ ಮಾಡಿ ಕಳಿಸಿದ ಸಂಕ್ರಾಂತಿ ಕಾರ್ಡಿಗೆ ಬಾಗಲಕೋಟೆಯ ನಮ್ಮ ಕಾಕಾ 10 ರೂಪಾಯಿ ದಂಡ ಕಟ್ಟಿದರು. ನಾನು ಅಂಟಿಸಿದ್ದು 5 ರೂಪಾಯಿ ಸ್ಟಾಂಪು, ಲಕೋಟೆ ತೂಗಿದ್ದು 20 ಗ್ರಾಂಗಿಂತ ಜಾಸ್ತಿ. 20 ಗ್ರಾಂವರೆಗೆ 5 ರೂಪಾಯಿ, ಅದರ ಮೇಲೆ ಪ್ರತಿ 20 ಗ್ರಾಂಗೆ ಇನ್ನೊಂದು 5. ಸ್ಟಾಂಪು ಕಡಿಮೆ ಬಿದ್ದರೆ ಕಾಗದ ಬೇರಿಂಗ್ ಆಗುತ್ತದೆ, ಕಡಿಮೆ ಬಿದ್ದದ್ದರ ದುಪ್ಪಟ್ಟು ದುಡ್ಡನ್ನು ತಗೊಳ್ಳುವವರೇ ಕೊಡಬೇಕು. ಕಾಕಾ ಅವತ್ತೇ ಫೋನ್ ಮಾಡಿದರು. “ಏನವಾ, ಶುಭಾಶಯ ನಿಂದು, ರೊಕ್ಕ ನಂದು?”

ಅಷ್ಟಕ್ಕೇ ಮುಗಿಯಲಿಲ್ಲ. ಒಳಗಿಟ್ಟಿದ್ದ ಕುಸುರೆಳ್ಳು ಪುಡಿಯಾಗಿ, ಲಕೋಟೆಯ ಮೂಲೆ ಹರಿದು, ಅವರ ಅಂಗಳದ ತುಂಬ ಸಕ್ಕರೆ ಉದುರಿತ್ತಂತೆ.

ಈ ವರ್ಷ ಸರಿ ಮಾಡಲೇಬೇಕು ಅಂತ ಡಿಸೆಂಬರಿನಲ್ಲೇ ಕೂತೆ. ಮಾಡಿದ್ದನ್ನು, ಕೆಡಿಸಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಮ್ಮ ಕಡೆ, ಅಂದ್ರೆ ಧಾರವಾಡ, ಬಾಗಲಕೋಟೆ ಕಡೆ, ಮೊದಲೆಲ್ಲ ಸಂಕ್ರಾಂತಿಗೆ ಕಾರ್ಡು ಕಳಿಸೋದು ದೊಡ್ಡ ಸಂಭ್ರಮ. ಅಂಗಡಿ ಮುಂದೆ ದಾರಕ್ಕೆ ಕ್ಲಿಪ್ ಹಾಕಿ ಕಾರ್ಡು ತೂಗುಹಾಕುತ್ತಿದ್ದರು, ನಾವು ಶಾಲೆಯಿಂದ ಬರುವಾಗ ನಿಂತು ಯಾರಿಗೆ ಯಾವುದು ಅಂತ ಆರಿಸುತ್ತಿದ್ದೆವು. ಆ ಕಾರ್ಡಿನ ಒಳಗೆ ನಾಲ್ಕು ಕುಸುರೆಳ್ಳು ಇರಲೇಬೇಕು. ಬರೀ ಕಾರ್ಡು ಬಂದರೆ ಅವ್ವ ಲಕೋಟೆಯನ್ನು ತಲೆಕೆಳಗು ಮಾಡಿ ಒದರಿ ನೋಡುತ್ತಿದ್ದಳು.

ಮೊದಲ ಭಾನುವಾರ ಬರೀ ನಕ್ಷೆ. ಲೆಕ್ಕದ ಚೌಕುಳಿ ನೋಟ್‌ಬುಕ್ಕಿನ ಒಂದು ಹಾಳೆ, ಒಂದು ಮನೆ ಅಂದ್ರೆ 5 ಮಿಮೀ. ಕಾರ್ಡು ಅರ್ಧ ಎ4 ಹಾಳೆಯದು, ಮಡಚಿದ ಮೇಲೆ ಎ6, ಅಂದ್ರೆ 105 ಅಗಲ, 148 ಎತ್ತರ. ಎಡಕ್ಕೆ ಮೇಲಿಂದ ಕೆಳಗಿನವರೆಗೆ 35 ಮಿಮೀ ಪಟ್ಟಿ, ಸರಿಯಾಗಿ ಮೂರನೇ ಒಂದು ಭಾಗ. ಉಳಿದ 70 ಮಿಮೀಯಲ್ಲಿ, ಮೇಲೆ 58ರ ಚೌಕ, ಎರಡೂ ಪಕ್ಕ 6 ಮಿಮೀ ಖಾಲಿ. ಚೌಕದ ಒಳಗೆ ಇನ್ನೊಂದು 52ರ ಚೌಕ. ಕೆಳಗೆ ಬರಹಕ್ಕೆ ಒಂದು ಸಣ್ಣ ಪಟ್ಟಿ. ಇಷ್ಟೇ. ಹೂವಿಲ್ಲ, ಬಳ್ಳಿಯಿಲ್ಲ, ಬರೀ ಡಬ್ಬಿಗಳು. ಯಾವ ಡಬ್ಬಿಯಲ್ಲಿ ಏನು ತುಂಬಬೇಕು ಅನ್ನೋದು ಆಮೇಲಿನ ಮಾತು.

ಇಂಥ ಒಣ ನಕ್ಷೆಯ ಲಾಭ ಗೊತ್ತಾಗೋದು ಅದನ್ನು ತಿರುಗಿಸಿದಾಗ. ಮಡಿಕೆ ಎಡಗಡೆ ಇರುವ ಕಾರ್ಡನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ ಹಿಡಿದರೆ ಮಡಿಕೆ ಮೇಲೆ ಬರುತ್ತದೆ, ಕಾರ್ಡು ಗುಡಾರದ ಹಾಗೆ ಮೇಜಿನ ಮೇಲೆ ನಿಲ್ಲುತ್ತದೆ, ಎಡಪಟ್ಟಿ ಮೇಲ್ಪಟ್ಟಿಯಾಗುತ್ತದೆ. ಪಟ್ಟಿಯನ್ನು ಮಡಿಕೆಯ ಕಡೆ ಬಿಟ್ಟು ತೆರೆಯುವ ಅಂಚಿಗೆ ಹಾಕಿದರೆ ಇನ್ನೆರಡು ಬಗೆ. ಒಂದೇ ಕತ್ತರಿಸುವ ಲೆಕ್ಕ, ನಾಲ್ಕು ತರಹದ ಕಾರ್ಡು. ಒಂದೇ ಮನೆಯ ಅಣ್ಣ ತಮ್ಮಂದಿರಿಗೆ ಒಂದೇ ಥರದ ಕಾರ್ಡು ಹೋದರೆ ನಮ್ಮಲ್ಲಿ ಮಾತು ಕೇಳಬೇಕಾಗುತ್ತದೆ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ನಕ್ಷೆ ನೋಡಿ ಖುಷಿಪಟ್ಟು ಮಲಗಿದೆ. ಅದರಲ್ಲಿ ಉದ್ದ ಇತ್ತು, ಅಗಲ ಇತ್ತು. ತೂಕ ಇರಲಿಲ್ಲ, ದಪ್ಪ ಇರಲಿಲ್ಲ. ಹೋದ ವರ್ಷ ಎಡವಿದ್ದೂ ಅಲ್ಲೇ ಅನ್ನೋದು ಮರುದಿನ ಕಾಗದ ತರಲು ಹೊರಟಾಗ ಹೊಳೆಯಿತು.

ಹೋದ ಸಲ ತಂದಿದ್ದು 300 ಜಿಎಸ್‌ಎಂ ಹಾಳೆ. ಮುಟ್ಟಿದರೆ ಅಂಗಡಿ ಕಾರ್ಡಿನ ಹಾಗೇ ಗಟ್ಟಿ, ಅದಕ್ಕೇ ಮರುಳಾಗಿದ್ದೆ. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನೋ ಲೆಕ್ಕ, ಅಷ್ಟೇ. ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಗಾಗಿ ಜಿಎಸ್‌ಎಂ ಸಂಖ್ಯೆಯನ್ನು 16ರಿಂದ ಭಾಗಿಸಿದರೆ ಒಂದು ಎ4ನ ತೂಕ ಸಿಗುತ್ತದೆ, 32ರಿಂದ ಭಾಗಿಸಿದರೆ ನಮ್ಮ ಅರ್ಧ ಹಾಳೆಯ ಕಾರ್ಡಿನ ತೂಕ. 300ಕ್ಕೆ 9.4 ಗ್ರಾಂ ಆಯ್ತು, ಈ ಸಲ ಆರಿಸಿದ 220ಕ್ಕೆ 6.9. ಎರಡೂವರೆ ಗ್ರಾಂ ಅಂದ್ರೆ ಒಂದು ಚಿಟಿಕೆ ಅನ್ನಿಸಬಹುದು, ಆದರೆ ಕುಸುರೆಳ್ಳಿನ ಜಾಗ ಪೂರ್ತಿ ಅಲ್ಲೇ ಹೋಗಿತ್ತು ನೋಡಿ.

ನಕ್ಷೆಯ ಪಕ್ಕದಲ್ಲೇ ತೂಕ ಬರೆದುಕೊಂಡೆ. ಕಾರ್ಡು 6.9. ಎಡಪಟ್ಟಿಗೆ ಅಂಟಿಸುವ ಬಟ್ಟೆ ಸುಮಾರು 1.1. ಚೌಕ ಎರಡೂ ಸೇರಿ 1. ಬರಹದ ಪಟ್ಟಿ, ಟೇಪು ಎಲ್ಲಾ ಸೇರಿ ಅರ್ಧ ಗ್ರಾಂ. 100 ಜಿಎಸ್‌ಎಂ ಹಾಳೆಯ ಲಕೋಟೆ 4.6. ಒಟ್ಟು 14ರ ಹತ್ತಿರ. ಕುಸುರೆಳ್ಳು ಪೊಟ್ಟಣಕ್ಕೆ ಮೂರು ಮೂರೂವರೆ ಗ್ರಾಂ ಇಟ್ಟುಕೊಂಡರೂ 18ರ ಒಳಗೆ. ನಮ್ಮ ಅಡುಗೆಮನೆ ತಕ್ಕಡಿ ಒಂದು ಗ್ರಾಂಗಿಂತ ಕಡಿಮೆ ತೋರಿಸೋದಿಲ್ಲ. ಅದಕ್ಕೆ ಒಂದೊಂದೇ ತೂಗದೆ ಹತ್ತು ಒಟ್ಟಿಗೆ ಇಟ್ಟು ಹತ್ತರಿಂದ ಭಾಗಿಸುತ್ತಿದ್ದೆ.

ಬೆಂಗಳೂರಿನಲ್ಲಿ ಕಾಗದಕ್ಕೆ ನಾನು ಹೋಗೋದು ಸುಲ್ತಾನ್‌ಪೇಟೆಗೆ. ಮದುವೆ ಕಾರ್ಡಿನ ಅಂಗಡಿಗಳ ಮಧ್ಯೆ ಹಾಳೆ ಮಾರುವ ಅಂಗಡಿಗಳೂ ಇವೆ, ದೊಡ್ಡ ಶೀಟ್ ತಗೊಂಡರೆ ಅಲ್ಲೇ ಮಷಿನ್‌ನಲ್ಲಿ ಕತ್ತರಿಸಿ ಕೊಡುತ್ತಾರೆ. ನಾನು ಎ4 ಅಳತೆ ಹೇಳಿ ಕತ್ತರಿಸಿಕೊಂಡು ಬಂದೆ. ಮನೆಗೆ ಬಂದು ಮೊದಲ ಹಾಳೆ ಮಡಚಿದರೆ ಮಡಿಕೆಯ ಉದ್ದಕ್ಕೂ ಬಿಳಿ ಬಿಳಿ ಬಿರುಕು! ಹಳೇ ಗೋಡೆಯ ಸುಣ್ಣದ ಹಾಗೆ ಮೇಲಿನ ಬಣ್ಣ ಎದ್ದು ಬಂತು. ತಪ್ಪು ಅಂಗಡಿಯವರದಲ್ಲ, ನಾನು ನಾರಿನ ದಿಕ್ಕು ಹೇಳಿರಲಿಲ್ಲ.

ಕಾಗದಕ್ಕೂ ಕಟ್ಟಿಗೆಯ ಹಾಗೆ ನಾರು ಇರುತ್ತದೆ. ತಯಾರಾಗುವಾಗ ನಾರುಗಳು ಹೆಚ್ಚಾಗಿ ಮಷಿನ್ ಓಡುವ ದಿಕ್ಕಿಗೇ ಮಲಗುತ್ತವೆ. ನಾರಿನ ಉದ್ದಕ್ಕೆ ಮಡಚಿದರೆ ಮಡಿಕೆ ನಯವಾಗಿ ಬರುತ್ತದೆ, ಅಡ್ಡಕ್ಕೆ ಮಡಚಿದರೆ ನಾರು ಮುರಿದು ಬಿರಿಯುತ್ತದೆ. ಗೊತ್ತು ಮಾಡೋದು ಸುಲಭ. ಹಾಳೆಯನ್ನು ಮಡಚದೆ ಸುಮ್ನೆ ಬಾಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ, ಮೊದಲು ಉದ್ದಕ್ಕೆ, ಆಮೇಲೆ ಅಗಲಕ್ಕೆ. ಯಾವ ಕಡೆ ಎದುರಾಡದೆ ಬಾಗುತ್ತದೋ ಆ ಮಡಿಕೆ ನಾರಿನ ಜೊತೆಗಿದೆ ಅಂತ ಅರ್ಥ. ಇನ್ನೂ ಅನುಮಾನ ಇದ್ದರೆ ಒಂದು ಸಣ್ಣ ತುಂಡಿನ ಒಂದೇ ಮೈಗೆ ನೀರು ಸವರಿ. ಅದು ಕೊಳವೆ ಥರ ಸುರುಳಿಯಾಗುತ್ತದೆ, ಆ ಕೊಳವೆಯ ಉದ್ದವೇ ನಾರಿನ ದಿಕ್ಕು.

ಅಂಗಡಿಯಲ್ಲಿ ಕಟ್ಟು ಕಟ್ಟಾಗಿ ಸಿಗುವ ಎ4 ಹಾಳೆಗಳಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೇ ಇರುತ್ತದೆ. ಅದನ್ನು ಅಡ್ಡಕ್ಕೆ ಎರಡು ಭಾಗ ಮಾಡಿ, ಆ ಅರ್ಧವನ್ನು 105ರಲ್ಲಿ ಮಡಚಿದರೆ ಮಡಿಕೆ ನಾರಿನ ಜೊತೆಗೇ ಬೀಳುತ್ತದೆ. ಅದೇ ಇಡೀ ಎ4 ಹಾಳೆಯನ್ನು ನಡುವೆ ಮಡಚಿದರೆ ನಾರಿಗೆ ಅಡ್ಡ. ಮಕ್ಕಳು ಶಾಲೆಗೆ ಮಾಡುವ ಕಾರ್ಡಿನ ಮಡಿಕೆ ಯಾವಾಗಲೂ ಯಾಕೆ ಒರಟಾಗಿರುತ್ತದೆ ಅಂತ ನನಗೆ ಅವತ್ತು ಗೊತ್ತಾಯ್ತು. ನನ್ನ ಹತ್ತು ಹಾಳೆಯಲ್ಲಿ ನಾಲ್ಕು ಅಡ್ಡ ನಾರಿನವು. ಅವನ್ನು ಒಳಗಿನ ಚೌಕಗಳಿಗೆ ಎತ್ತಿಟ್ಟು, ನಾಲ್ಕು ಹೊಸದು ತಂದೆ.

ಮಡಚುವ ಮೊದಲು ಗೆರೆ ಒತ್ತಬೇಕು. ಅದಕ್ಕೆ ಮೂಳೆಯ ಸಾಧನ ಬೇಕು ಅಂತ ಎಲ್ಲರೂ ಹೇಳುತ್ತಾರೆ, ನನ್ನ ಹತ್ತಿರ ಇದ್ದದ್ದು ಶಾಯಿ ಮುಗಿದ ಬಾಲ್ ಪೆನ್ನು. ಅದೇ ಸಾಕು. ಸ್ಟೀಲ್ ಸ್ಕೇಲ್ ಇಟ್ಟು ಎರಡು ಸಲ ಎಳೆದರೆ ತೋಡು ಬೀಳುತ್ತದೆ, ಮಡಚಿದ ಮೇಲೆ ಚಮಚದ ಬೆನ್ನಿನಿಂದ ಉಜ್ಜಬೇಕು. ಶಾಯಿ ನಿಜವಾಗಲೂ ಮುಗಿದಿದೆಯಾ ಅಂತ ಮೊದಲು ಬೇರೆ ಕಾಗದದ ಮೇಲೆ ನೋಡಿಕೊಳ್ಳಿ. ಒಂದು ಕಾರ್ಡು ಹಾಗೆ ಹೋಯ್ತು.

ಎಡಪಟ್ಟಿಗೆ ಗುಳೇದಗುಡ್ಡದ ಖಣ. ಅವ್ವನ ಕುಪ್ಪಸ ಹೊಲಿದ ಮೇಲೆ ಉಳಿದ ತುಂಡುಗಳು ಒಂದು ಚೀಲದ ತುಂಬ ಇದ್ದವು. ಖಣದ ಬುಟ್ಟಿಗಳು, ಅಂದ್ರೆ ನೇಯ್ದ ಚಿತ್ತಾರಗಳು, ಸಣ್ಣವು, 35 ಮಿಮೀ ಅಗಲದಲ್ಲೂ ಮೂರ್ನಾಲ್ಕು ಸಾಲು ಕೂರುತ್ತವೆ. ದೊಡ್ಡ ಹೂವಿನ ಬಟ್ಟೆಯಾಗಿದ್ದರೆ ಅರ್ಧ ಹೂವು ಕತ್ತರಿಸಿ ಹೋಗಿ ಏನು ಅಂತಲೇ ತಿಳಿಯುತ್ತಿರಲಿಲ್ಲ.

ಬಟ್ಟೆಯ ತೊಂದರೆ ಏನಂದ್ರೆ ಎಳೆ ಬಿಡೋದು. ಕತ್ತರಿಯಿಂದ ಎಷ್ಟೇ ನೇರ ಕತ್ತರಿಸಿದರೂ ಎರಡು ನಿಮಿಷದಲ್ಲಿ ಅಂಚಿಗೆ ಮೀಸೆ ಬರುತ್ತದೆ. ಮೊದಲು ಬಿಳಿ ಗಮ್ ಬಳಿದು ನೇರ ಕಾರ್ಡಿಗೇ ಅಂಟಿಸಿ ನೋಡಿದೆ. ಗಮ್ಮಿನ ನೀರಿಗೆ ಕಾರ್ಡು ಹಪ್ಪಳದ ಹಾಗೆ ಡೊಂಕಾಯಿತು, ಬಟ್ಟೆಯ ಮೇಲೆ ಕಲೆ ಬೇರೆ. ಆಮೇಲೆ ಮೈದಾ ಅಂಟಿಗೆ ಬಂದೆ. ಒಂದು ಚಮಚ ಮೈದಾಗೆ ನಾಲ್ಕೈದು ಚಮಚ ನೀರು, ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹೊಳಪು ಬರುವವರೆಗೆ ಕಾಯಿಸಿದೆ. ಅದನ್ನು ತೆಳು ಪ್ರಿಂಟರ್ ಹಾಳೆಗೆ ಸವರಿ, ಮೇಲೆ ಖಣ ಹಾಸಿ, ಬೆರಳಿನಿಂದ ಗಾಳಿ ತೆಗೆದು, ಎರಡು ಪ್ಲಾಸ್ಟಿಕ್ ಹಾಳೆಯ ಮಧ್ಯೆ ಇಟ್ಟು ಮೇಲೆ ನಿಘಂಟು ಹೇರಿದೆ. ಮರುದಿನ ಬೆಳಿಗ್ಗೆ ಬಟ್ಟೆಯೂ ಹಾಳೆಯೂ ಒಂದಾಗಿ ರಟ್ಟಿನ ಹಾಗೆ ಆಗಿದ್ದವು. ಇದನ್ನು ಸ್ಕೇಲ್ ಹಿಡಿದು ಕಟರ್‌ನಿಂದ ಕತ್ತರಿಸಿದರೆ ಒಂದು ಎಳೆಯೂ ಬಿಡೋದಿಲ್ಲ. ಕಾರ್ಡಿಗೆ ಅಂಟಿಸಲು ಡಬಲ್ ಸೈಡ್ ಟೇಪು, ನೀರಿನ ಮಾತೇ ಇಲ್ಲ.

ಕೆಂಪು ಖಣ ಒಂದು ಬಣ್ಣ ಬಿಟ್ಟಿತು, ಹಾಳೆಯೆಲ್ಲ ಗುಲಾಬಿ. ಅದನ್ನು ಬಿಟ್ಟೆ. ಇನ್ನೊಂದು ಮಾತು, ಬೈಂಡಿಂಗ್ ಮಾಡುವವರು ಹುಳ ಹಿಡಿಯಬಾರದು ಅಂತ ಮೈದಾ ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಒಳಗೆ ತಿನ್ನುವ ಪದಾರ್ಥ ಇಡುವ ಕಾರ್ಡಿಗೆ ಬೇಡವೇ ಬೇಡ.

ಇನ್ನು ಚೌಕ. ಇಲ್ಲಿ ನನಗೆ ಕಸೂತಿ ಬೇಕಿತ್ತು, ಕಾಗದದ ಮೇಲೆಯೇ. ಗವಂತಿ ಹೊಲಿಗೆ ಗೊತ್ತಿದ್ದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯುತ್ತಾ ಹೋಗೋದು, ತಿರುಗಿ ಬರುವಾಗ ಬಿಟ್ಟ ಮನೆಗಳನ್ನು ತುಂಬೋದು. ಮುಂದೆ ಹಿಂದೆ ಒಂದೇ ಥರ ಕಾಣುತ್ತದೆ, ಗಂಟು ಹಾಕೋದಿಲ್ಲ. ಗಂಟಿಲ್ಲ ಅಂದ್ರೆ ಕಾಗದದ ಹಿಂದೆ ಉಬ್ಬು ಇಲ್ಲ, ಕಾರ್ಡಿಗೆ ಇದಕ್ಕಿಂತ ಬೇರೆ ಏನು ಬೇಕು?

ಗ್ರಾಫ್ ಹಾಳೆಯ ಮೇಲೆ ಒಂದು ಗೋಪುರ ಬರೆದುಕೊಂಡೆ. ಗೋಪುರ ಮೆಟ್ಟಿಲು ಮೆಟ್ಟಿಲಾಗಿ ಏರುವುದರಿಂದ ಮನೆಗಳ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ಬಟ್ಟೆಯ ರೂಢಿಯಲ್ಲಿ ತೂತುಗಳನ್ನು 2 ಮಿಮೀಗೆ ಒಂದರಂತೆ ಚುಚ್ಚಿದೆ. ಮೂರನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ದಾರ ಎಳೆದಾಗ ಪರ್ ಅಂತ ಸದ್ದು, ಸ್ಟಾಂಪಿನ ಅಂಚು ಹರಿಯುವ ಹಾಗೆ ಗೋಪುರದ ಬುಡ ಸಾಲಾಗಿ ಕಿತ್ತು ಬಂತು. ಬಟ್ಟೆಯಲ್ಲಿ ಸೂಜಿ ಎಳೆಗಳನ್ನು ಸರಿಸಿ ದಾರಿ ಮಾಡಿಕೊಳ್ಳುತ್ತದೆ, ಕಾಗದದಲ್ಲಿ ಹಾಗಲ್ಲ, ತೂತು ಅಂದ್ರೆ ತೂತೇ. ತೂತಿಗೂ ತೂತಿಗೂ ಮಧ್ಯೆ ಮೈ ಉಳಿಯಬೇಕು. 3 ಮಿಮೀಗೆ ಏರಿಸಿದೆ. 52ರ ಚೌಕದಲ್ಲಿ ಹದಿನೈದು ಮನೆ ಅಗಲದ ಗೋಪುರ, ಅಂದ್ರೆ 45 ಮಿಮೀ, ಆರಾಮಾಗಿ ಕೂತಿತು. ಜೊತೆಗೆ ಇನ್ನೊಂದು ಬದಲಾವಣೆ. ಮೊದಲು ಒಳಚೌಕ ತೆಳು 120 ಜಿಎಸ್‌ಎಂ, ಹಿಂದಿನ ದೊಡ್ಡ ಚೌಕ 220 ಇತ್ತು, ಅದನ್ನು ಅದಲುಬದಲು ಮಾಡಿದೆ. ಹೊಲಿಯುವ ಕಾಗದ ಗಟ್ಟಿಯಾಯ್ತು, ಒಟ್ಟು ತೂಕ ಹಾಗೇ ಉಳಿಯಿತು. ಅಡ್ಡ ನಾರಿನ ಹಾಳೆಗಳೂ ಖರ್ಚಾದವು.

ಚುಚ್ಚಲು ಕೆಳಗೆ ಮೆತ್ತಗಿನದು ಏನಾದರೂ ಬೇಕು. ಥರ್ಮಾಕೋಲ್ ಇಟ್ಟರೆ ಕಾಳು ಕಾಳಾಗಿ ಉದುರಿ ಎಲ್ಲಾ ಕಡೆ ಅಂಟುತ್ತದೆ. ಹಳೇ ಹವಾಯಿ ಚಪ್ಪಲಿಯ ಅಟ್ಟೆ, ತೊಳೆದದ್ದು, ಅದಕ್ಕೆ ಸರಿಸಾಟಿ ಇಲ್ಲ. ಸೂಜಿಯ ತಲೆಯನ್ನು ರಬ್ಬರ್ ತುಂಡಿಗೆ ಚುಚ್ಚಿಟ್ಟುಕೊಂಡರೆ ಬೆರಳು ನೋಯೋದಿಲ್ಲ. ದಾರ ಎರಡೆಳೆ ಸಾಕು, ಮೊದಲ ಮತ್ತು ಕೊನೆಯ ತುದಿಯನ್ನು ಹಿಂದೆ ಟೇಪು ಹಚ್ಚಿ ಹಿಡಿಸಬೇಕು.

ಒಂದು ಗೋಪುರಕ್ಕೆ ನಲವತ್ತು ನಿಮಿಷ ಹಿಡಿಯಿತು. ಇಪ್ಪತ್ತಕ್ಕೆ ಗುಣಿಸಿ ನೋಡಿದೆ, ಹದಿಮೂರು ಗಂಟೆ ದಾಟುತ್ತದೆ. ಆರು ಹೊಲಿದು ಸೂಜಿ ಕೆಳಗಿಟ್ಟೆ. ಆ ಆರು ಯಾರಿಗೆ ಅಂತ ಮನೆಯಲ್ಲಿ ಒಂದು ಸಣ್ಣ ಚರ್ಚೆಯೂ ಆಯ್ತು, ಅದನ್ನು ಇಲ್ಲಿ ಬರೆಯೋದಿಲ್ಲ. ಉಳಿದ ಹದಿನಾಲ್ಕಕ್ಕೆ ಅದೇ ಚೌಕದಲ್ಲಿ ಬೇರೆ ಬೇರೆ. ಕೆಲವಕ್ಕೆ ಮಗಳು ಬೆಂಡೆಕಾಯಿ ಕೊಯ್ದು ಬಣ್ಣದಲ್ಲಿ ಅದ್ದಿ ಐದು ಎಸಳಿನ ಹೂವು ಒತ್ತಿದಳು. ಕೆಲವಕ್ಕೆ ರಬ್ಬರಿನಲ್ಲಿ ಕಬ್ಬಿನ ಗಣ್ಣು ಕೆತ್ತಿ ಸೀಲು ಮಾಡಿದೆ. ಎರಡಕ್ಕೆ ಸುಮ್ನೆ ಖಣದ ಚೌಕವನ್ನೇ ಅಂಟಿಸಿದೆ, ನಿಜ ಹೇಳಬೇಕಂದ್ರೆ ಅವೇ ಎಲ್ಲಕ್ಕಿಂತ ಚೆನ್ನಾಗಿ ಬಂದವು.

ಬರಹದ ಪಟ್ಟಿಯಲ್ಲೂ ಒಂದು ಪಾಠ. ನಕ್ಷೆಯಲ್ಲಿ ಬರಹದ ಜಾಗಕ್ಕೆ ಒಂದು ನೇರ ಗೆರೆ ಎಳೆದು ಬಿಟ್ಟಿದ್ದೆ, ಪಟ್ಟಿಗೆ 12 ಮಿಮೀ. ಬರೆಯಬೇಕಿದ್ದದ್ದು ನಮ್ಮ ಕಡೆಯ ಮಾತು: “ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣ.” ಎರಡು ಸಾಲು. ಬರೆದು ನೋಡಿದರೆ ಮೇಲಿನ ಸಾಲಿನ ಳ್ಳು, ಲ್ಲ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕೂತಿವೆ, ಕೆಳಗಿನ ಸಾಲಿನ ಒತ್ತುಗಳು ಪಟ್ಟಿಯ ಅಂಚಿಗೆ ತಗುಲಿ ಅರ್ಧ ಮಾಯ. ಕನ್ನಡದ ಸಾಲಿಗೆ ನೆಲಮಾಳಿಗೆ ಇರುತ್ತದೆ ಅಲ್ವಾ, ಅದಕ್ಕೆ ನಕ್ಷೆಯಲ್ಲೇ ಜಾಗ ಬಿಡಬೇಕು. ಅಕ್ಷರ 4 ಮಿಮೀ ಇದ್ದರೆ ಒತ್ತಿಗೆ ಇನ್ನೊಂದು 3 ಮಿಮೀ. ಪಟ್ಟಿಯನ್ನು 16ಕ್ಕೆ ಏರಿಸಿದೆ, ಮೇಲಿನ ಸಾಲಿನ ಒತ್ತು ಬೀಳುವ ಜಾಗದಲ್ಲಿ ಕೆಳಗೆ ಅಕ್ಷರಗಳ ನಡುವಿನ ಸಂದು ಬರುವ ಹಾಗೆ ಸ್ವಲ್ಪ ಸರಿಸಿ ಬರೆದೆ. ಮೊದಲು ಪೆನ್ಸಿಲಿನಲ್ಲಿ, ಆಮೇಲೆ ಇಂಕು.

ಕೊನೆಗೆ ಕುಸುರೆಳ್ಳು. ಹೋದ ವರ್ಷ ಒಂದೇ ಕಡೆ ಗುಪ್ಪೆ ಇಟ್ಟಿದ್ದೆ, ಅದೂ ಬಲ ಮೇಲ್ಮೂಲೆಗೆ. ಅಂಚೆಯವರು ಠಪ್ ಅಂತ ಮುದ್ರೆ ಹೊಡೆಯೋದು ಎಲ್ಲಿ? ಸ್ಟಾಂಪಿನ ಮೇಲೆ, ಅಂದ್ರೆ ಸರಿಯಾಗಿ ಅಲ್ಲೇ. ಈ ಸಲ ಬಟರ್ ಪೇಪರಿನಲ್ಲಿ 40 x 60 ಮಿಮೀ ಚಪ್ಪಟೆ ಪೊಟ್ಟಣ, ಒಳಗೆ ಒಂದೇ ಪದರ, ಒಂದರ ಮೇಲೊಂದು ಇಲ್ಲ. ಅದನ್ನು ಕಾರ್ಡಿನ ಒಳಗೆ, ಲಕೋಟೆಯಲ್ಲಿ ಹಾಕಿದಾಗ ಎಡ ಕೆಳಮೂಲೆಗೆ ಬರುವ ಹಾಗೆ ಟೇಪಿನಿಂದ ಹಿಡಿಸಿದೆ. ಸ್ಟಾಂಪಿನಿಂದ ಆದಷ್ಟು ದೂರ. ಪೊಟ್ಟಣ ಕಟ್ಟಿ ರಾತ್ರಿ ಮೇಜಿನ ಮೇಲೆ ಬಿಟ್ಟಿದ್ದೆ, ಬೆಳಿಗ್ಗೆ ನೋಡಿದರೆ ಗೋಡೆಯಿಂದ ಇರುವೆಗಳ ಸಾಲು ಹೊರಟಿತ್ತು. ಮೂರು ಪೊಟ್ಟಣ ಅವುಗಳ ಪಾಲಾದವು. ಉಳಿದವನ್ನು ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಟ್ಟೆ.

ಲಕೋಟೆ ಎ4 ಹಾಳೆಯಲ್ಲೇ ಆಯ್ತು. 162 ಅಗಲ, 114 ಎತ್ತರದ ಮುಖ, 110ರ ಬೆನ್ನು, 40ರ ಮುಚ್ಚಳ, ಎರಡು ಪಕ್ಕ 15ರ ಕಿವಿ. ಒಂದು ಹಾಳೆಗೆ ಒಂದು. ಇದಕ್ಕೂ ಗೆರೆ ಒತ್ತಿಯೇ ಮಡಚಿ, ಇಲ್ಲದಿದ್ದರೆ ಇಪ್ಪತ್ತೂ ಬೇರೆ ಬೇರೆ ಅಳತೆಗೆ ಬರುತ್ತವೆ.

ಜನವರಿ 7ಕ್ಕೆ ಎಲ್ಲಾ ಮುಗಿಯಿತು. ಹತ್ತು ಹತ್ತಾಗಿ ತೂಗಿದೆ, ಮೊದಲ ಕಟ್ಟು 176 ಗ್ರಾಂ, ಎರಡನೆಯದು 179. ಆದರೂ ನಂಬಿಕೆ ಬರಲಿಲ್ಲ. ಅಂಚೆ ಕಚೇರಿಗೆ ಹೋಗಿ ಕೌಂಟರಿನಲ್ಲಿ ಅತಿ ದಪ್ಪ ಕಾಣುವ ಕಸೂತಿ ಕಾರ್ಡೊಂದನ್ನು ಅವರ ತಕ್ಕಡಿಯಲ್ಲೇ ತೂಗಿಸಿದೆ. 18. “ಐದೇ ಸಾಕು ಮೇಡಂ” ಅಂದರು. ಹತ್ತೊಂಬತ್ತಕ್ಕೆ 5 ರೂಪಾಯಿ ಸ್ಟಾಂಪು ಅಂಟಿಸಿದೆ. ಬಾಗಲಕೋಟೆಯ ಲಕೋಟೆ ಕೈಗೆ ಬಂದಾಗ ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತೆ, ಆಮೇಲೆ ಅದಕ್ಕೆ ಮಾತ್ರ ಎರಡು ಅಂಟಿಸಿ ಡಬ್ಬಿಗೆ ಹಾಕಿದೆ.